ಕತ್ತಿಯ ಬುಡಕ್ಕೆ ಹುಣಸೆಹುಳಿ

ನಾನು ಮಾಡಿದ ಕೆಲಸಕ್ಕೆ ಬೇಕಾದ ಸಾಮಾನು ಇಷ್ಟೇ: ನಿಂಬೆಗಾತ್ರದ ಹುಣಸೆಹಣ್ಣು, ಒಂದು ಚಮಚ ಉಪ್ಪು, ಹಳೆ ಬನಿಯನ್ನಿನ ಒಂದು ಚೂರು, ಮುಕ್ಕಾಲು ಗಂಟೆ ಸಮಯ. ನಾಲ್ಕುನೂರು ವರ್ಷ ಯಾರೂ ಕೈ ಹಾಕದೆ ಬಿಟ್ಟದ್ದನ್ನು ನಾನು ಆ ಮುಕ್ಕಾಲು ಗಂಟೆಯಲ್ಲಿ ಮುಗಿಸಿಬಿಟ್ಟೆ. ಇದನ್ನು ಬರೆಯುವಾಗಲೂ ನನಗೆ ಮುಖ ಬಿಸಿಯಾಗುತ್ತದೆ. ತಿಕ್ಕಿದ್ದಕ್ಕಿಂತ ಹೆಚ್ಚಾಗಿ, ತಿಕ್ಕಿದ ಮೇಲೆ ನಾಲ್ಕು ದಿನ ನಾನು ಆಡಿದ ಆಟಕ್ಕೆ.

ದುಬೈಯಲ್ಲಿ ಪ್ರದರ್ಶನಗಳಿಗೆ ಸಾಮಾನು ಒದಗಿಸುವ ಒಂದು ಕಂಪನಿಯಲ್ಲಿ ನನ್ನ ಕೆಲಸ. ಗೋಡೆ, ಗಾಜಿನ ಪೆಟ್ಟಿಗೆ, ದೀಪ, ಗೋದಾಮು ಎಲ್ಲ ನಾವೇ. ವರ್ಷಕ್ಕೊಮ್ಮೆ ಒಂದು ಹೋಟೆಲಿನ ಸಭಾಂಗಣದಲ್ಲಿ ಹಳೆಯ ಆಯುಧ ಸಂಗ್ರಹಿಸುವವರ ಎರಡು ದಿನದ ಪ್ರದರ್ಶನ ನಡೆಯುತ್ತದೆ. ಒಮಾನಿನ ಖಂಜರ್, ಇರಾನಿನ ಬಾಗಿದ ಖಡ್ಗ, ಬತ್ತಿ ಹಚ್ಚಿ ಸಿಡಿಸುವ ಹಳೆ ಕೋವಿ ಎಲ್ಲ ಬರುತ್ತವೆ. ಆದರೆ ಜನ ಬರುವುದು ಜಪಾನಿ ಕತ್ತಿ ನೋಡಲಿಕ್ಕೆ. ಅದರ ಸಂಘಟಕರು ರುವೈಸಿನ ರಿಫೈನರಿಯಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತರಾದ ಬ್ಯಾರಿ ಹಿರಿಯರು, ಉಳ್ಳಾಲದ ಕಡೆಯವರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತೇವೆ. ನಾನು ಕಾರ್ಕಳದ ಕಡೆಯವನು. ಇಬ್ಬರೂ ಕೂತರೆ ಅರ್ಧ ತುಳು, ಅರ್ಧ ಕನ್ನಡ.

ಆರು ವರ್ಷದಿಂದ ಆ ಪ್ರದರ್ಶನದ ಗೋದಾಮಿನ ಬೀಗದ ಕೈ ನನ್ನ ಬಳಿ ಇತ್ತು. ಆದರೆ ಹಿಂದಿನ ವರ್ಷ ಸಭಾಂಗಣ ಅರ್ಧ ಖಾಲಿ. ಕತ್ತಿ ಕೊಡುವವರಿಗೆಲ್ಲ ವಯಸ್ಸಾಗಿದೆ, ಅವರ ಮಕ್ಕಳಿಗೆ ಆಸಕ್ತಿ ಇಲ್ಲ. ಪೊಲೀಸ್ ಅನುಮತಿಗೆ ಪ್ರತಿ ಕತ್ತಿಯ ಅಳತೆ, ಚಿತ್ರ, ಮಾಲೀಕರ ಪತ್ರ ಹೊಂದಿಸುವಷ್ಟರಲ್ಲಿ ಸಾಹೇಬರಿಗೆ ಸಾಕುಸಾಕಾಗುತ್ತಿತ್ತು.

"ಈ ವರ್ಷ ಹೊಸದು ಎಂತಾದ್ರೂ ಮಾಡದಿದ್ರೆ ಖಲಾಸ್ ಮಾರಾಯ," ಎಂದರು. "ಮತ್ತೆ ನಾವಿಬ್ರು ಕೂತು ಚಾ ಕುಡಿಯುವುದೇ."

ಅವರು ಯೋಚಿಸಿದ ಹೊಸದು ಇದು. ಜಪಾನಿ ಕತ್ತಿಯ ಹಿಡಿ ಒಂದೇ ಒಂದು ಬಿದಿರಿನ ಮೊಳೆಯ ಮೇಲೆ ನಿಂತಿರುತ್ತದೆ. ಮೊಳೆ ತೆಗೆದರೆ ಹಿಡಿ ಕಳಚಿ ಬರುತ್ತದೆ. ಹಿಡಿಯೊಳಗೆ ಅಡಗಿರುವ ಕಬ್ಬಿಣದ ಭಾಗವನ್ನು ನಾವು ಬುಡ ಎನ್ನುತ್ತಿದ್ದೆವು. ಕತ್ತಿ ಮಾಡಿದವನು ತನ್ನ ಹೆಸರನ್ನು ಕೆತ್ತಿಟ್ಟಿರುವುದು ಅಲ್ಲಿ. ಇಷ್ಟು ವರ್ಷ ನಾವು ಹಿಡಿ ಸಮೇತ ಕತ್ತಿ ಇಡುತ್ತಿದ್ದೆವು. ಈ ಸಲ ಹಿಡಿ ಕಳಚಿ ಬುಡ ಕಾಣುವಂತೆ ಇಟ್ಟು, ಕತ್ತಿ ಓದುವುದು ಹೇಗೆಂದು ಹೊಸಬರಿಗೆ ಹೇಳಿಕೊಡುವುದು ಎಂದಾಯಿತು.

ಹನ್ನೊಂದು ಕತ್ತಿ ಕೊಡಲು ಒಪ್ಪಿದವರು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಮಗಳೊಂದಿಗೆ ಇರುವ ಒಬ್ಬ ಜಪಾನಿ ಹಿರಿಯರು. ಎಂಬತ್ತರ ಹತ್ತಿರದವರು, ಹಿಂದೆಯೂ ಪ್ರತಿ ವರ್ಷ ಒಂದೆರಡು ಕತ್ತಿ ಕಳಿಸುತ್ತಿದ್ದವರು. ಕೊಡುವುದಷ್ಟೇ ಅಲ್ಲ, ಎಲ್ಲ ಸರಿಯಾದರೆ ಇನ್ನು ಮೂರು ವರ್ಷ ಕೊಡುತ್ತೇನೆ, ಬೇರೆ ದೇಶಗಳ ಸಂಗ್ರಹಕಾರರಿಗೂ ಬರೆಯುತ್ತೇನೆ ಎಂದಿದ್ದರು. ಪ್ರದರ್ಶನ ಉಳಿಯುವುದು ಬಿಡುವುದು ಅವರೊಬ್ಬರ ಮಾತಿನ ಮೇಲಿತ್ತು.

ಕತ್ತಿಗಳು ಬಂದದ್ದು ನವರಾತ್ರಿಯ ವಾರ. ದಾಖಲೆ ನೋಡಿಕೊಳ್ಳುವ ನನ್ನ ಫಿಲಿಪಿನೊ ಸಹೋದ್ಯೋಗಿ ಪ್ರತಿಯೊಂದರ ಚಿತ್ರ ತೆಗೆದು, ಎಲ್ಲಿ ಗೀರು, ಎಲ್ಲಿ ಕಲೆ ಎಂದು ಬರೆದುಕೊಂಡಳು. ಹಿಡಿ ಕಳಚುವುದು ಆಮೇಲೆ ಎಂದಿದ್ದರಿಂದ ಬುಡಗಳ ಚಿತ್ರ ತೆಗೆಯಲಿಲ್ಲ. ಕತ್ತಿಗಳ ಜೊತೆ ಹಿರಿಯರ ಸೂಚನಾಪತ್ರ ಇತ್ತು. ಪ್ರತಿ ವರ್ಷವೂ ಅದು ಬರುತ್ತಿತ್ತು, ನನಗೆ ಬಾಯಿಪಾಠ: ಬರಿಗೈ ತಾಗಿಸಬಾರದು, ಉಸಿರಿನ ತೇವ ತಾಗುವಂತೆ ಅಲಗಿನ ಮೇಲೆ ಬಗ್ಗಿ ಮಾತಾಡಬಾರದು, ಒರೆಯಿಂದ ಎಳೆಯುವಾಗ ಅಲಗಿನ ಬಾಯಿ ಮೇಲಿರಬೇಕು, ತೆರೆಯುವಾಗ ಯಾವಾಗಲೂ ಇಬ್ಬರು ಇರಬೇಕು. ಈ ವರ್ಷ ಅದಕ್ಕೆ ಎರಡನೆಯ ಪುಟ ಸೇರಿತ್ತು. ನಾನು ಮೊದಲನೆಯ ಪುಟ ನೋಡಿ, ಇದು ಅದೇ ಎಂದು ಸಹಿ ಹಾಕಿದೆ.

ಆಯುಧಪೂಜೆಯ ದಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟಿಗೂ ಟೂಲ್ ಬಾಕ್ಸಿಗೂ ಕುಂಕುಮ ಇಟ್ಟು, ಎಲ್ಲರಿಗೂ ಅವಲಕ್ಕಿ ಹಂಚಿದೆವು. ಮಧ್ಯಾಹ್ನ ಸಹೋದ್ಯೋಗಿ ಬೇರೆ ಕೆಲಸಕ್ಕೆ ಹೊರಗೆ ಹೋಗಿದ್ದಳು. ಸ್ಟ್ಯಾಂಡಿನ ಅಳತೆ ಬೇಕಿತ್ತು. ಇಬ್ಬರಿರಬೇಕೆಂಬ ನಿಯಮವನ್ನು ಅವತ್ತಿಗೆ ಬದಿಗಿಟ್ಟು ನಾನೊಬ್ಬನೇ ಕೋಣೆ ತೆರೆದು, ಅತ್ಯಂತ ಹಳೆಯ ಕತ್ತಿಯ ಮೊಳೆಯನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ತೆಗೆದು, ಹಿಡಿ ಕಳಚಿದೆ.

ಬುಡ ಕಪ್ಪಗಿತ್ತು. ಅಲಗು ಕನ್ನಡಿ, ಬುಡ ಮಾತ್ರ ಹಳೆಯ ಬಾವಿಯ ಕೊಂಡಿ. ಸಹಿ ಇದೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಸಹಿ ಕಾಣಲಿ ಎಂದಲ್ಲವೇ ಇಷ್ಟೆಲ್ಲ ಮಾಡುತ್ತಿರುವುದು, ಇಷ್ಟು ತುಕ್ಕು ಬಿಟ್ಟು ಇಟ್ಟರೆ ನಮ್ಮ ಗೋದಾಮಿನ ತೇವಕ್ಕೆ ಹಿಡಿಯಿತು ಎನ್ನುವುದಿಲ್ಲವೇ ಎಂದು ನನಗೆ ಅನಿಸಿತು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಕುಟುಂಬದ ದೈವದ ಕಡ್ತಲೆ, ಅಂದರೆ ದೈವದ ಕತ್ತಿ, ವರ್ಷದ ಉತ್ಸವವಾದ ನೇಮಕ್ಕೆ ಮೊದಲು ತಿಕ್ಕಿ ಬೆಳಗುವುದು ನಮ್ಮ ಮನೆಯವರ ಕೆಲಸ. ಸೋದರಮಾವ ತಿಕ್ಕುತ್ತಿದ್ದರು, ಹದಿನೈದು ವರ್ಷಕ್ಕೆ ನನ್ನ ಕೈಗೂ ಹುಣಸೆಹುಳಿ ಕೊಟ್ಟರು. ಊರಲ್ಲಿ ನಾನು ತಿಕ್ಕಿದ ಕಡ್ತಲೆ ನೋಡಿ ಹೊಗಳಿದವರಿದ್ದಾರೆ. ಕತ್ತಿಯ ವಿಷಯ ಇವರಿಗೇನು ಗೊತ್ತು, ನಮಗೆ ರಕ್ತದಲ್ಲಿ ಬಂದದ್ದು ಎಂಬ ಅಹಂಕಾರ ನನ್ನಲ್ಲಿ ಇತ್ತು. ಈಗ ಮುಚ್ಚಿಟ್ಟು ಏನು ಪ್ರಯೋಜನ.

ಮರುದಿನ ಬೆಳಿಗ್ಗೆ ಡಿಸ್ಕವರಿ ಗಾರ್ಡನ್ಸಿನ ಮನೆಯಲ್ಲಿ ಹುಣಸೆಹಣ್ಣನ್ನು ಡಬ್ಬಿಗೆ ಹಾಕುವಾಗ ಹೆಂಡತಿ ಕೇಳಿದಳು.

"ಎಂತ, ಆಫೀಸಲ್ಲಿ ಸಾರು ಮಾಡ್ಲಿಕ್ಕುಂಟಾ?"

"ಒಂದು ಕತ್ತಿ ಚಂದ ಮಾಡ್ಲಿಕ್ಕುಂಟು," ಎಂದೆ.

ತಿಕ್ಕಿದೆ. ಅಲಗಿಗೆ ಬಟ್ಟೆ ಸುತ್ತಿ, ಬುಡಕ್ಕೆ ಮಾತ್ರ ಹುಳಿ ಹಚ್ಚಿ, ಉಪ್ಪು ಉದುರಿಸಿ, ಬನಿಯನ್ನಿನ ಚೂರಿನಿಂದ ತಿಕ್ಕಿದೆ. ಕಪ್ಪು ಬಿಟ್ಟಿತು, ಕಂದು ಬಂತು, ಕಂದು ಬಿಟ್ಟು ಬಿಳಿ ಬಂತು. ಸಹಿ ನಿಚ್ಚಳವಾಗಿ ಎದ್ದು ಕಂಡಿತು. ತೊಳೆದು, ಒರೆಸಿ, ಒಂದು ಹನಿ ತೆಂಗಿನೆಣ್ಣೆ ಸವರಿ, ಚಿತ್ರ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಹಿಡಿಯನ್ನು ಮತ್ತೆ ಕೂರಿಸಿ ಮೊಳೆ ಹೊಡೆದೆ. ಊರಿನಿಂದ ಮಾವ "ಎಡ್ಡೆ ಆತ್ಂಡ್" ಎಂದು ಬರೆದರು. ಚೆನ್ನಾಗಿ ಆಗಿದೆ ಎಂದು ಮಾವ ಹೇಳಿದ ಮೇಲೆ ಇನ್ನೇನು ಬೇಕು. ಖುಷಿಯಲ್ಲಿ ಊಟ ಮಾಡಿದೆ.

ಗುರುವಾರ ಹಿರಿಯರು ಸ್ಟ್ಯಾಂಡುಗಳನ್ನು ನೋಡಲು ಬಂದರು. ಜೊತೆಗೆ ಮಗಳು, ಸಾಹೇಬರು. ಸಹೋದ್ಯೋಗಿ ಕಡತ ಹಿಡಿದು ನಿಂತಿದ್ದಳು. ಹಿರಿಯರು ಆ ಹಳೆಯ ಕತ್ತಿಗೆ ತಲೆಬಾಗಿ ನಮಸ್ಕರಿಸಿ, ಮೊಳೆ ತೆಗೆದು, ಕತ್ತಿ ಹಿಡಿದ ಎಡ ಮುಂಗೈಯ ಮೇಲೆ ಬಲ ಮುಷ್ಟಿಯಿಂದ ಮೆಲ್ಲಗೆ ಗುದ್ದಿ ಹಿಡಿ ಸಡಿಲಿಸಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

ಅವರು ಹಿಡಿಯನ್ನು ಪಕ್ಕಕ್ಕೆ ಇಟ್ಟರು. ಕುರ್ಚಿ ಎಳೆದುಕೊಂಡು ಕೂತರು. ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು. ಮಗಳು ಬಗ್ಗಿ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಅವಳೇ ಸಾಹೇಬರಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಬುಡದ ತುಕ್ಕನ್ನು ಯಾರೂ ತೆಗೆಯುವುದಿಲ್ಲ. ಅದರ ಬಣ್ಣ ನೋಡಿಯೇ ಕತ್ತಿ ಎಷ್ಟು ಹಳೆಯದು, ಸಹಿ ನಿಜವೋ ಸುಳ್ಳೋ ಎಂದು ಹೇಳುವುದು. ತುಕ್ಕು ಹೋದರೆ ಕತ್ತಿಯ ಸಾಕ್ಷಿ ಹೋಯಿತು. ಅದು ಮತ್ತೆ ಬರಬೇಕಾದರೆ ಅಷ್ಟೇ ವರ್ಷ ಬೇಕು. ಅಲಗು ಮಸುಕಾದರೆ ಹೊಳಪು ಕೊಡುವವರಿದ್ದಾರೆ, ಇದಕ್ಕೆ ಯಾರೂ ಇಲ್ಲ.

ಸೂಚನಾಪತ್ರದ ಎರಡನೆಯ ಪುಟದಲ್ಲಿ ಇದ್ದದ್ದು ಇದೇ ಎಂದು ನನಗೆ ಆಗ ಹೊಳೆಯಿತು.

"ನೀವು ತೆರೆದಾಗ ಇದು ಹೇಗಿತ್ತು?" ಹಿರಿಯರು ನನ್ನನ್ನು ಕೇಳಿದರು. ಅವರ ಇಂಗ್ಲಿಷ್ ನಿಧಾನ, ಮೆತ್ತಗೆ.

"ಹೀಗೇ ಇತ್ತು ಸರ್," ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನಾಗಿ ಹೇಳಿಬಿಟ್ಟಿತು ಎಂದರೂ ಸುಳ್ಳಾಗುತ್ತದೆ, ಯಾಕೆಂದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆ ಕೋಣೆಯಲ್ಲಿ ನನಗೆ ಇನ್ನೂ ಅರ್ಧ ಗಂಟೆ ಇತ್ತು. ಸಹೋದ್ಯೋಗಿ ನನ್ನ ಮುಖ ನೋಡಿದಳು. "ಸರ್, ನಾನು ಏನು ಬರೆಯಲಿ?" ಎಂದು ಕೇಳಿದಳು. "ಬಂದಾಗಲೇ ಹೀಗಿತ್ತು ಅಂತ ಬರಿ," ಎಂದೆ. ಅವಳು ಬರೆದು, ಕೆಳಗೆ ತನ್ನ ಸಹಿ ಹಾಕಿದಳು.

ಹಿರಿಯರು ತಮ್ಮ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟು ನೋಡಿಕೊಂಡರು. "ಹಾಗಾದರೆ ನಾನೇ ಮಾಡಿರಬೇಕು," ಎಂದರು. "ನನಗೆ ನೆನಪಿಲ್ಲ."

ಹನ್ನೊಂದು ಕತ್ತಿಗಳನ್ನೂ ಹಿರಿಯರು ಅವತ್ತೇ ಮನೆಗೆ ವಾಪಸು ಒಯ್ದರು. ಶುಕ್ರವಾರ, ಶನಿವಾರ ನಾನು ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ವಾಟ್ಸಾಪ್ ಗುಂಪಿನ ಚಿತ್ರ ಅಳಿಸಿದೆ. ಕಂಪನಿ, ವೀಸಾ, ಮಗಳ ಶಾಲೆ ಎಂದು ಒಂದೊಂದೇ ಕಾರಣ ಜೋಡಿಸಿಕೊಂಡೆ. ವಯಸ್ಸಾದವರು, ಎರಡು ದಿನದಲ್ಲಿ ಮರೆಯುತ್ತಾರೆ ಎಂದೂ ಅಂದುಕೊಂಡೆ. ಛೀ, ಅಷ್ಟು ನೀಚನಾಗಿದ್ದೆ.

ಭಾನುವಾರ ಸಾಹೇಬರ ಫೋನು ಬಂತು.

"ಮಗಳು ಮಾತಾಡಿದ್ಲು. ಅವ್ರು ಎಲ್ಲಾ ಕತ್ತಿ ಮಾರಿಬಿಡ್ತಾರಂತೆ. ಮರೆವು ಬಂದವನ ಕೈಯಲ್ಲಿ ಇವು ಇರಬಾರದು ಅಂತ ಅಂದ್ರಂತೆ. ಕಾರಿನ ಕೀ ಮಗಳಿಗೆ ಕೊಟ್ಟಿದ್ದಾರೆ. ನಮ್ಮ ಷೋ ಹೋಯ್ತು, ಅದು ಬೇರೆ. ಆ ಮನುಷ್ಯನ ಸ್ಥಿತಿ ಕೇಳಿ ಬೇಜಾರಾಯ್ತು ಮಾರಾಯ. ನಾಳೆ ಹೋಗಿ ನೋಡಿ ಬರುವ, ನೀನೂ ಬಾ."

ಸೋಮವಾರ ಬೆಳಿಗ್ಗೆ ನನ್ನ ಕಾರಿನಲ್ಲೇ ಹೊರಟೆವು. ಜಬೆಲ್ ಅಲಿ ದಾಟುವವರೆಗೆ ಸಾಹೇಬರು ಪ್ರದರ್ಶನವನ್ನು ಹೇಗೆ ರದ್ದು ಮಾಡುವುದು, ಯಾರಿಗೆ ಮೊದಲು ತಿಳಿಸುವುದು ಎಂದು ಮಾತಾಡುತ್ತಿದ್ದರು. ಘಂಟೂಟಿನ ಹತ್ತಿರ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿ ನಿಲ್ಲಿಸಿದೆ.

"ಸಾಹೇಬ್ರೆ, ಅದು ಅವ್ರು ಮಾಡಿದ್ದಲ್ಲ. ನಾನು ಹುಣಸೆಹುಳಿ ಹಾಕಿ ತಿಕ್ಕಿದ್ದು."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಯಾರಿಗೆಲ್ಲ ಗೊತ್ತುಂಟು?"

"ಈಗ ನಿಮ್ಗೆ."

"ಈಗ ಬೇಡ. ಇದೆಲ್ಲ ತಣ್ಣಗಾಗ್ಲಿ. ಆಮೇಲೆ ಮೆಲ್ಲ ಹೇಳುವ."

"ಅಷ್ಟರಲ್ಲಿ ಅವ್ರು ಮಾರಿ ಆಗಿರ್ತದೆ ಸಾಹೇಬ್ರೆ. ತನಗೆ ಮರೆವು ಅಂತ ನಂಬಿ ಕೂತಿದ್ದಾರೆ."

ಅವರು ಕಿಟಕಿಯ ಹೊರಗೆ ನೋಡಿದರು. ಎದುರು ಒಬ್ಬ ಲಾರಿಯವನು ಟೈರಿಗೆ ಗಾಳಿ ತುಂಬಿಸುತ್ತಿದ್ದ. "ಪ್ಲಾಂಟಲ್ಲಿ ಇದೇ ನನ್ನ ಕೆಲಸ ಆಗಿತ್ತು," ಎಂದರು. "ತಪ್ಪು ವಾಲ್ವ್ ತಿರುಗಿಸಿದವ ಕೂಡ್ಲೆ ಬಂದು ಹೇಳಿದ್ರೆ ನಾನು ಬೈತಿರ್ಲಿಲ್ಲ. ಮುಚ್ಚಿಟ್ಟವನನ್ನು ಮಾತ್ರ ಗೇಟಿನಿಂದ ಹೊರಗೆ ಹಾಕ್ತಿದ್ದೆ. ಈಗ ನಾನೇ ನಿನಗೆ ಮುಚ್ಚಿಡು ಅಂತ ಹೇಳಿದೆ ನೋಡು. ಯಲ್ಲಾ, ಗಾಡಿ ಬಿಡು."

ಹಿರಿಯರ ಮನೆ ಎತ್ತರದಲ್ಲಿತ್ತು, ಗಾಜಿನಾಚೆ ಸಮುದ್ರ. ನೆಲದ ಮೇಲೆ ಉದ್ದುದ್ದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ್ದರು. ಮಗಳು ಬಾಗಿಲು ತೆರೆದು ಒಳಗೆ ಕರೆದಳು. ಕೂರಲು ಹೇಳಿದರೂ ನಾನು ಕೂರಲಿಲ್ಲ. ನಿಂತೇ ಹೇಳಿದೆ. ಒಬ್ಬನೇ ತೆರೆದದ್ದು, ಎರಡನೆಯ ಪುಟ ಓದದೆ ಇದ್ದದ್ದು, ತಿಕ್ಕಿದ್ದು, ಸುಳ್ಳು ಹೇಳಿದ್ದು, ಸಹೋದ್ಯೋಗಿಯ ಕೈಯಿಂದ ಸುಳ್ಳು ಬರೆಸಿದ್ದು. ನನ್ನ ಇಂಗ್ಲಿಷ್ ಅಲ್ಲಲ್ಲಿ ತೊದಲಿತು.

ಹಿರಿಯರು ನನ್ನ ಕಡೆ ನೋಡಲಿಲ್ಲ. ಮಗಳ ಕಡೆ ತಿರುಗಿ ಜಪಾನಿ ಭಾಷೆಯಲ್ಲಿ ಒಂದು ಸಣ್ಣ ಮಾತು ಹೇಳಿದರು. ಮತ್ತೊಮ್ಮೆ ಅದನ್ನೇ ಹೇಳಿದರು. ಮೂರನೆಯ ಸಲ ಹೇಳುವಾಗ ಅವರ ಮುಖ ನಗುತ್ತಿತ್ತು, ಕಣ್ಣಲ್ಲಿ ನೀರಿತ್ತು.

"ನಾನಲ್ಲ ಅಂತ ಹೇಳ್ತಿದ್ದಾರೆ," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು. "ನಾಲ್ಕು ದಿನ ಬೆಳಿಗ್ಗೆ ಏನು ತಿಂದೆ ಅಂತ ಚೀಟಿಯಲ್ಲಿ ಬರೆದಿಟ್ಟು, ಸಂಜೆ ಅದನ್ನು ತೆಗೆದು ತಮಗೆ ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಅದು ನಿಮಗೆ ಗೊತ್ತಿರಲಿ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಂತೋಷವನ್ನು ತಡೆದುಕೊಳ್ಳಲಾಗಲಿಲ್ಲ. ಕೊಟ್ಟದ್ದು ನಾನಲ್ಲವೇ ಆ ನಾಲ್ಕು ದಿನ. ಆ ಹನ್ನೊಂದು ಪೆಟ್ಟಿಗೆಗಳ ನಡುವೆ ನಿಂತು ನಾನು ಅತ್ತುಬಿಟ್ಟೆ, ಐವತ್ತರ ಹತ್ತಿರದ ಗಂಡಸು. ಸಾಹೇಬರು ಬೆನ್ನ ಮೇಲೆ ಕೈ ಇಡಲಿಲ್ಲ. ಇಡದಿದ್ದದ್ದೇ ಸರಿ.

ಚಹಾ ಬಂತು. ಹಿರಿಯರು ಕುತೂಹಲದಿಂದ ಕೇಳತೊಡಗಿದರು. ಯಾವ ಹಣ್ಣು, ಎಷ್ಟು ಹುಳಿ, ಉಪ್ಪು ಯಾಕೆ, ಇದನ್ನು ಕಲಿಸಿದವರು ಯಾರು. ನಾನು ಕಡ್ತಲೆಯ ವಿಷಯ ಹೇಳಿದೆ. ನೇಮ, ದೈವದ ಒಡವೆ ಆಯುಧ ಇಡುವ ಭಂಡಾರದ ಕೋಣೆ, ಮಾವ.

"ಆ ಕತ್ತಿ ನಿಮ್ಮ ಮಾವನದ್ದೋ?"

"ಅಲ್ಲ ಸರ್. ದೈವದ್ದು."

"ಹಾಗಾದರೆ ತಿಕ್ಕಲು ಶುರು ಮಾಡುವ ಮೊದಲು ನಿಮ್ಮ ಮಾವ ಏನು ಮಾಡುತ್ತಾರೆ?"

ಮಾವ ಸ್ನಾನ ಮಾಡಿ, ಭಂಡಾರದ ಬಾಗಿಲ ಮುಂದೆ ಕೈ ಜೋಡಿಸಿ ನಿಲ್ಲುತ್ತಾರೆ. ಮುಟ್ಟುತ್ತಿದ್ದೇನೆ, ಅಪ್ಪಣೆ ಆಗಬೇಕು ಎಂದು ಗಟ್ಟಿಯಾಗಿ ಕೇಳುತ್ತಾರೆ. ಕೇಳಿದ ಮೇಲೆ ಒಂದು ಗಳಿಗೆ ಸುಮ್ಮನೆ ಕಾಯುತ್ತಾರೆ. ಹದಿನೈದು ವರ್ಷದ ನಾನು ಪಕ್ಕದಲ್ಲಿ ಹುಳಿಯ ಬಟ್ಟಲು ಹಿಡಿದು ನಿಂತು, ಇದು ಯಾವಾಗ ಮುಗಿಯುತ್ತದೆ ಎಂದು ಕಾಲು ಬದಲಿಸುತ್ತಿದ್ದೆ. ಹುಣಸೆಹುಳಿ ನೆನಪಿಟ್ಟುಕೊಂಡೆ, ಇದನ್ನು ಬಿಟ್ಟುಬಿಟ್ಟೆ.

"ಕೇಳುತ್ತಾರೆ ಸರ್," ಎಂದೆ.

ಹಿರಿಯರು ತಲೆಯಾಡಿಸಿ ಚಹಾ ಕುಡಿದರು. ಆ ವಿಷಯ ಮತ್ತೆ ಎತ್ತಲಿಲ್ಲ. ಹೊರಡುವಾಗ ಸಾಹೇಬರಿಗೆ ಹೇಳಿದರು, ಮಾರುವುದನ್ನು ಸದ್ಯ ನಿಲ್ಲಿಸಿದ್ದೇನೆ, ಈ ವರ್ಷದ ಪ್ರದರ್ಶನ ನಡೆಯಲಿ, ಮುಂದಿನದು ಈಗ ಹೇಳಲಾರೆ. ತಿಕ್ಕಿದ ಕತ್ತಿಯನ್ನೂ ಇಡಿ, ಬುಡ ಕಾಣುವಂತೆಯೇ ಇಡಿ, ಪಕ್ಕದಲ್ಲಿ ತಿಕ್ಕದ ಇನ್ನೊಂದನ್ನು ಇಡಿ. ಏನಾಯಿತೆಂದು ಒಂದು ಕಾರ್ಡಿನಲ್ಲಿ ಬರೆಯಿರಿ.

ಮರುದಿನ ಆಫೀಸಿನಲ್ಲಿ ವರದಿ ತಿದ್ದಿಸಿದೆ. ಸಹೋದ್ಯೋಗಿ ಹಳೆಯ ಹಾಳೆಯನ್ನು ಹರಿಯದೆ ಹೊಸದರ ಹಿಂದೆ ಸೇರಿಸಿದಳು. "ಆ ದಿನ ಕೋಣೆಯಲ್ಲಿ ಹುಳಿ ವಾಸನೆ ಇತ್ತು ಸರ್. ನೀವು ಹೇಳ್ತೀರಿ ಅಂತ ಕಾದೆ," ಎಂದಳು. "ಅದರ ಕೆಳಗೆ ನನ್ನ ಸಹಿ ಇತ್ತು." ಕ್ಷಮೆ ಕೇಳಿದೆ. ಅವಳು ಕಡತ ಮುಚ್ಚಿ ಕಪಾಟಿನಲ್ಲಿಟ್ಟಳು. ಮ್ಯಾನೇಜರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಗೋದಾಮಿನ ಬೀಗದ ಕೈಯನ್ನು ಅವಳಿಗೆ ಕೊಟ್ಟರು. ನಾನು ಗೋಡೆ, ದೀಪ ನೋಡಿಕೊಳ್ಳುವುದು ಎಂದಾಯಿತು. ಆ ರಾತ್ರಿ ಊರಿಗೆ ಫೋನ್ ಮಾಡಿ, ಅಪ್ಪಣೆ ಕೇಳದೆ ಮುಟ್ಟಿದೆ ಎಂದು ಮಾವನಿಗೂ ಹೇಳಿದೆ. ಅವರು, "ಅದನ್ನೂ ನಾನೇ ಕಲಿಸಿದ್ದೆ ಅಲ್ವಾ ನಿನಗೆ," ಎಂದರು. ಯಾವುದನ್ನು ಎಂದು ನಾನು ಕೇಳಲಿಲ್ಲ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಸಭಾಂಗಣದಲ್ಲಿ ಕತ್ತಿಗಳನ್ನು ಇಡುವ ಕೆಲಸ. ಹಿರಿಯರು ತಾವೇ ಬಂದು ಒಂದೊಂದನ್ನೇ ಪೆಟ್ಟಿಗೆಯಿಂದ ತೆಗೆದು, ಅಲಗಿನ ಬಾಯಿ ತಮ್ಮ ಕಡೆ ಇರುವಂತೆ ಹಿಡಿದು ಕೊಡುತ್ತಿದ್ದರು. ಬಿಳಿ ಕೈಗವಸು ಹಾಕಿಕೊಂಡ ಸಹೋದ್ಯೋಗಿ ಪಡೆದು ಸ್ಟ್ಯಾಂಡಿನ ಮೇಲೆ ಇಡುತ್ತಿದ್ದಳು. ನಾನು ಏಣಿಯ ಮೇಲೆ ದೀಪ ತಿರುಗಿಸುತ್ತಿದ್ದೆ. ಹತ್ತು ಕತ್ತಿ ಆಯಿತು. ಉಳಿದದ್ದು ಅದೊಂದು.

ಹಿರಿಯರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಯಾರಿಗೂ ಕೊಡದೆ ನಿಂತರು. ಸಹೋದ್ಯೋಗಿ ಕೈ ಚಾಚಿದಳು, ಅವರು ಕೊಡಲಿಲ್ಲ. ಏಣಿಯ ಮೇಲಿದ್ದ ನನ್ನನ್ನು ನೋಡುತ್ತಿದ್ದರು.

ಇಳಿದೆ. ಕೈ ತೊಳೆದು ಬಂದೆ. ಕೈಗವಸು ಹಾಕಿಕೊಂಡು, ಅವರ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದೆ: "ಸರ್, ಇದನ್ನು ನಾನು ಮುಟ್ಟಬಹುದೇ?" ಕೇಳಿ, ಮಾವ ಕಾದಂತೆ ಕಾದೆ.

ಹಿರಿಯರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಅದು ಅವರ ಮುಖದಲ್ಲಿ ಕಾಣುತ್ತಿತ್ತು.

"ಇಲ್ಲ," ಎಂದರು, ಅದೇ ಮೆತ್ತಗಿನ ದನಿಯಲ್ಲಿ. "ಮುಂದಿನ ವರ್ಷ ಮತ್ತೆ ಕೇಳಿ."

ಕತ್ತಿಯನ್ನು ಸಹೋದ್ಯೋಗಿಯ ಕೈಗೆ ಕೊಟ್ಟರು.

ಹಿಂದಿನಿಂದ ಸಾಹೇಬರು ನನ್ನ ಅಂಗಿ ಹಿಡಿದು ಜಗ್ಗಿದರು. "ಕೇಳಿದ್ಯಾ? ಮುಂದಿನ ವರ್ಷ ಅಂದ್ರು ಮಾರಾಯ, ಮುಂದಿನ ವರ್ಷ," ಎಂದು ತುಳುವಿನಲ್ಲಿ ಪಿಸುಗುಟ್ಟಿದರು. ನನಗೂ ಕೇಳಿತ್ತು. ಅದಕ್ಕಿಂತ ಮೊದಲು ಹೇಳಿದ ಇಲ್ಲ ಎಂಬುದೂ ಕೇಳಿತ್ತು. ನಾನು ಕೈಗವಸು ಬಿಚ್ಚಿ ಜೇಬಿಗೆ ಹಾಕಿ, ಏಣಿ ಹತ್ತಿ, ಬೆಳಗಿದ ಬುಡದ ಮೇಲೆ ದೀಪ ಸರಿಯಾಗಿ ಬೀಳುವಂತೆ ತಿರುಗಿಸಿದೆ.